ಹನ್ನೆರಡು ಆಡುಗಳ ತೂಕ

ಸಂಶೋಧಕಿ ಸುಪ್ರಭಾಳ ಪ್ರಯೋಗಕ್ಕೆ ಹನ್ನೆರಡು ಆಡುಗಳಿದ್ದವು. ಬಲಸಾಲಿನ ಆರಕ್ಕೆ ಅವಳೇ ತಯಾರಿಸಿದ ಹೊಸ ಹಿಂಡಿ, ಎಡಸಾಲಿನ ಆರಕ್ಕೆ ಬರೀ ಶೇಂಗಾಹೊಟ್ಟು. ಹಾಕುವ ಮುಂಚೆ ತೂಗಿ, ಮರುದಿನ ಉಳಿದದ್ದನ್ನೂ ತೂಗಿ, ಯಾವುದು ಎಷ್ಟು ತಿಂದಿತೆಂದು ಗ್ರಾಂ ತಪ್ಪದೆ ಬರೆಯುತ್ತಿದ್ದಳು. ಬಲಸಾಲಿನ ಗೋದಲಿಯಲ್ಲಿ ಒಂದು ದಿನವೂ ಒಂದು ಚೂರು ಹಿಂಡಿ ಉಳಿಯಲಿಲ್ಲ. ಅಷ್ಟು ರುಚಿಯೆಂದು ಅವಳು ಬೀಗಿದ್ದೇ ಬೀಗಿದ್ದು.

ಮೂರು ತಿಂಗಳ ಮೇಲೆ ಆಡುಗಳನ್ನೇ ತೂಗಿದರೆ, ಎರಡೂ ಸಾಲು ಒಂದೇ ಸಮ! ಸುಪ್ರಭಾ ತಲೆಯ ಮೇಲೆ ಕೈಹೊತ್ತು ಕೂತಳು.

“ಯಾಕ್ರೀ ಬಾಯಾರ, ಮಾರಿ ಸಣ್ಣ ಮಾಡ್ಕೊಂಡು ಕುಂತೀರಿ?” ಎಂದಳು ಆಡುಗಳಿಗೆ ಮೇವು ನೀರು ನೋಡುವ ಫಕ್ಕೀರವ್ವ.

“ಬರೇ ಹೊಟ್ಟು ತಿಂದವೂ ಇವುಗಳಷ್ಟ ಬಲತಾವ ನೋಡವ್ವಾ. ನನ್ನ ಹಿಂಡ್ಯಾಗ ಕಸುವ ಇಲ್ಲ. ಮೂರು ವರ್ಷದ ಓದು ನೀರಾಗ ಹೋಮ ಮಾಡಿದಂಗಾತು.”

“ಹಂಗ್ಯಾಕಂತೀರಿ? ಭಾಳ ಕಸುವೈತಿ!” ಫಕ್ಕೀರವ್ವ ಅವಳ ಬೆನ್ನು ಸವರಿದಳು. “ಎಲ್ಲಾ ಹೆಂಗ ಮೈ ತುಂಬ್ಯಾವ ನೋಡ್ರಿ. ಒಂದ ಪಂಕ್ತ್ಯಾಗ ಉಣ್ಣಾಕ ಕುಂತವರಿಗೆ ಭೇದ ಮಾಡಬಾರದಂತ, ನೀವು ಅತ್ತಾಗ ಹೋಗೂದ ತಡ, ದಿನಾ ಹನ್ನೆರಡಕ್ಕೂ ಸಮ ಹಂಚೇನಿ.”