ಗ್ಲೈಡ್ ಪದದ ಪ್ರದರ್ಶನ

ಹಳೆಯ ಸಂಸ್ಥಾನವೊಂದರ ಇಂಗ್ಲಿಷ್-ಕನ್ನಡ-ಫ್ರೆಂಚ್ ನಿಘಂಟು ಕಚೇರಿಯಲ್ಲಿ ಒಂದು ಕಟ್ಟಳೆಯಿತ್ತಂತೆ: ಕ್ರಿಯಾಪದ ಯಾವುದೇ ಇರಲಿ, ಪಂಡಿತರು ಅದನ್ನು ಸಭೆಯೆದುರು ಮಾಡಿ ತೋರಿಸಿದ ಮೇಲೆಯೇ ಅರ್ಥ ಅಚ್ಚಿಗೆ ಹೋಗಬೇಕು. ಸೀನುವುದಕ್ಕೆ ಸರ್ಕಾರಿ ಖರ್ಚಿನಲ್ಲಿ ನಶ್ಯ ತರಿಸಿದ್ದರೆಂದು ಹೇಳುವವರಿದ್ದಾರೆ.

ಒಂದು ದಿನ ಅಳಸಿಂಗಾಚಾರ್ಯರ ಪಾಲಿಗೆ ‘ಗ್ಲೈಡ್’ ಬಂದಿತು. ಅವರು ಎರಡು ಅರ್ಥ ಬರೆದರು: ನೆಲದ ಮೇಲೆ ನಯವಾಗಿ ಜಾರಿ ಸಾಗುವುದು, ಹಕ್ಕಿಯು ರೆಕ್ಕೆ ಬಡಿಯದೆ ಗಾಳಿಯಲ್ಲಿ ತೇಲುವುದು. ಎರಡನೆಯದನ್ನು ಓದಿದ ಅಧ್ಯಕ್ಷರು ಕತ್ತೆತ್ತಿ ಛಾವಣಿಯನ್ನು ನೋಡಿದರು.

ಆಚಾರ್ಯರು ಬೆವೆತರು. “ಸ್ವಾಮಿ, ನನಗೆ ಅರವತ್ತು ತುಂಬಿತು. ಇಂಗ್ಲಿಷಿನವರೇ ಎರಡಕ್ಕೂ ಒಂದೇ ಪದ ಇಟ್ಕೊಂಡಿದ್ದಾರೆ. ಒಂದು ಪದಕ್ಕೆ ಒಂದು ಪ್ರದರ್ಶನ ಸಾಲದೇ?”

“ನ್ಯಾಯವಾದ ಮಾತು, ಆಚಾರ್ರೇ. ಪದಕ್ಕೊಂದೇ ಸಲ. ಎಲ್ಲಿ, ಜಾರಿ ನೋಡೋಣ.”

ಹರಳೆಣ್ಣೆ ಸುರಿದ ಪಡಸಾಲೆಯಲ್ಲಿ ಆಚಾರ್ಯರು ಕಚ್ಚೆ ಬಿಗಿದು, ಈ ಕಂಬದಿಂದ ಆ ಕಂಬದವರೆಗೆ ದೇವರ ತೆಪ್ಪದಂತೆ ಸಾಗಿದರು. ಸಭೆ ಚಪ್ಪಾಳೆ ತಟ್ಟಿತು.

“ಬದುಕಿದೆನಪ್ಪಾ!” ಎಂದು ಅವರು ಕಂಬವನ್ನು ತಬ್ಬಿಕೊಂಡರು.

ಇನ್ನು ಉಳಿದದ್ದು ಫ್ರೆಂಚ್ ಸಮಾನಪದ. ಅದಕ್ಕೆಂದೇ ಪಾಂಡಿಚೇರಿಯಿಂದ ಬಂದಿದ್ದ ಪಾದ್ರಿಗಳು ಹೆಮ್ಮೆಯಿಂದ ಗಂಟಲು ಸರಿಪಡಿಸಿಕೊಂಡರು.

“ನಮ್ಮ ಭಾಷೆ ಇಂಗ್ಲಿಷಿನ ಹಾಗೆ ಜಿಪುಣ ಅಲ್ಲ. ನೆಲದ ಮೇಲಾದರೆ ‘ಗ್ಲಿಸೆ’. ಗಾಳಿಯಲ್ಲಾದರೆ ‘ಪ್ಲಾನೆ’. ಎರಡು ಪದ.”

ಅಧ್ಯಕ್ಷರು ಜವಾನನನ್ನು ಕರೆದು ಏಣಿ ತರಲು ಹೇಳಿದರು.