ಸೂಪರ್‌ಕಂಪ್ಯೂಟರಿನ ಮುಂದೆ ನಾಗವೇಣಿ

ಸರ್ಕಾರದ ಎರಡು ಪ್ರಯೋಗಾಲಯಗಳು ಕೂಡಿ ಕೊಂಡ ಸೂಪರ್‌ಕಂಪ್ಯೂಟರ್ ದಿನಕ್ಕೆ ಒಂದೇ ದೊಡ್ಡ ಕೆಲಸ ಮಾಡುತ್ತಿತ್ತು. ಅದು ಯಾರ ಕೆಲಸವೆಂದು ತೀರ್ಮಾನಿಸಲು ಪ್ರತಿದಿನ ಊರವರಲ್ಲಿ ಒಬ್ಬರನ್ನು ಕರೆಸುವುದು ವಾಡಿಕೆ. ಆ ಬೆಳಿಗ್ಗೆ ಅಂಕೋಲೆಯಲ್ಲಿ ಮೀನು ಮಾರುವ ನಾಗವೇಣಿಯ ಸರದಿ.

ರಕ್ಷಣಾ ಪ್ರಯೋಗಾಲಯದ ಕರ್ನಲ್ ಇನಾಮದಾರರು ಗಡಿಯಾಚೆಯಿಂದ ಸಿಕ್ಕ ಗುಪ್ತ ಸಂದೇಶವನ್ನು ಬಿಡಿಸಬೇಕೆಂದರು. ಹವಾಮಾನ ಪ್ರಯೋಗಾಲಯದ ನಸೀಮಾ, ಸಮುದ್ರದಲ್ಲೆದ್ದ ಚಂಡಮಾರುತ ಎತ್ತ ತಿರುಗುವುದೆಂದು ತಿಳಿಯಬೇಕೆಂದರು.

ಚಂಡಮಾರುತ ಎಂದುಬಿಟ್ಟರೆ ಯಾರೂ ಏನೂ ಕೇಳುತ್ತಿರಲಿಲ್ಲ. ಆದರೆ ನಾಗವೇಣಿಯ ಮನಸ್ಸು ಒಪ್ಪಲಿಲ್ಲ.

"ಸಾಹೇಬ್ರೆ, ನನ್ನ ಗಂಡನ ದೋಣಿ ಸಮುದ್ರದಲ್ಲಿದೆ. ನಾನು ಹೇಳೂದು ನ್ಯಾಯ ಅಲ್ಲ. ಬೇರೆಯವ್ರನ್ನ ಕರೀರಿ," ಎಂದು ಎದ್ದಳು.

ಬೇರೆಯವರು ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಕರ್ನಲ್ ಗಡಿಯಾರ ನೋಡಿ ಹೇಳಿದರು:

"ಗಡಿಯಲ್ಲಿ ನಮ್ಮ ಹುಡುಗರು ಇವತ್ತೊಂದು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಾರಮ್ಮ. ಸಮುದ್ರದಲ್ಲಿರೋರನ್ನ ಕಾಯೋದೂ ನಮ್ಮ ಕೆಲಸವೇ. ನಸೀಮಾ, ನೀವು ಶುರು ಮಾಡಿ."

ಮಧ್ಯಾಹ್ನದೊಳಗೆ ಉತ್ತರ ಬಂತು: ಚಂಡಮಾರುತ ಅಂಕೋಲೆಯತ್ತಲೇ ತಿರುಗಲಿತ್ತು. ದೋಣಿಗಳಿಗೆಲ್ಲ ರೇಡಿಯೊದಲ್ಲಿ ಕರೆ ಹೋಯಿತು. ಗರಗರ ಸದ್ದಿನ ನಡುವೆ ಗಂಡನ ದನಿ ಕೇಳಿಸಿತು: "ಬಲೆ ಎಳ್ದಾಯ್ತು, ದಡಕ್ಕೆ ಬರ್ತಾ ಇದ್ದೇವೆ."

ನಾಗವೇಣಿ ಕಣ್ಣೊರೆಸಿಕೊಂಡು ಕರ್ನಲರತ್ತ ತಿರುಗಿದಳು. "ನಿಮ್ಮ ಹುಡುಗ್ರು ಹುಷಾರಾಗಿದ್ದಾರಾ, ಸಾಹೇಬ್ರೆ?"

"ಇದ್ದಾರಮ್ಮ," ಎಂದು ಅವರು ನಕ್ಕರು.