ನೀವು ಕಾರಲ್ಲೇ ಕೂತಿರಿ

ಪಂಚಾಕ್ಷರಿಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಕೊಂಡುಬಿಡುವ ಚಾಳಿ. ಬಾಗಿಲ ಅಳತೆ ನೋಡದೆ ತಂದ ಸೋಫಾ ಇನ್ನೂ ವರಾಂಡದಲ್ಲೇ ಬಿದ್ದಿತ್ತು. ಹಾಗಾಗಿ ಹೊಸ ಕಾರು ನೋಡಲು ಹೋದ ದಿನ ಹೆಂಡತಿ ನಿರ್ಮಲಾ ಶೋರೂಮಿನ ಎದುರೇ ಅಪ್ಪಣೆ ಹೊರಡಿಸಿದಳು.

"ರೀ, ನೀವು ಕಾರಲ್ಲೇ ಕೂತಿರಿ. ಒಳಗೆ ನಾನೊಬ್ಬಳೇ ಹೋಗ್ತೀನಿ."

"ಬಣ್ಣನಾದ್ರೂ ನೋಡ್ತೀನಿ ಕಣೇ."

"ಬಣ್ಣ ನೋಡಿದ್ರೆ ಚೆಕ್ ಬರೆದುಬಿಡ್ತೀರಿ. ಬೇಡ."

ಒಳಗೆ ಸೇಲ್ಸ್ ಹುಡುಗಿ ಬಾದಾಮಿ ಹಾಲು ಕೊಟ್ಟು, "ಮೇಡಂ, ನಿಮಗೇ ಅಂತ ಮಾಡಿಸಿದ ಹಾಗಿದೆ" ಎಂದಳು. ಕೆಂಪು ಕಾರಿನೊಳಗೆ ಕೂತಾಗ ನಿರ್ಮಲಾಳ ಮನಸ್ಸೂ ಒಂದು ಗಳಿಗೆ ಜಾರಿತು. ಆದರೂ ಗಟ್ಟಿಮನಸ್ಸು ಮಾಡಿ, "ಯೋಚನೆ ಮಾಡಿ ಹೇಳ್ತೀವಮ್ಮ" ಎಂದು ಎದ್ದಳು. ಹೊರಗೆ ಬರುವಾಗ ಯುದ್ಧ ಗೆದ್ದಷ್ಟು ಹಿಗ್ಗು.

ಗಂಡ ಹೊಂಗೆ ಮರದ ನೆರಳಲ್ಲಿ ನಿಂತು ಎಳನೀರು ಕುಡಿಯುತ್ತಿದ್ದ.

"ಏನೂ ಕೊಳ್ಳಲಿಲ್ಲ ರೀ! ನಮ್ಮ ಹಳೇ ಕಾರೇ ಇನ್ನೂ ನಾಲ್ಕು ವರ್ಷ ಆರಾಮಾಗಿ ಓಡುತ್ತೆ. ನಡೀರಿ ಮನೆಗೆ. ಕಾರೆಲ್ಲಿ?"

ಪಂಚಾಕ್ಷರಿಯ ಬಾಯಿಂದ ಸ್ಟ್ರಾ ಜಾರಿತು.

"ಹೇಗೂ ಹೊಸ ಕಾರಲ್ಲೇ ಹೋಗ್ತೀವಲ್ಲ ಅಂತ ಅದನ್ನ ಈಗಷ್ಟೇ ಮಾರಿಬಿಟ್ಟೆ ಕಣೇ!"